ಗುಜರಿಗೆ ಹಾಕೋದಾ, ಬಿಚ್ಚಿ ಕೊಡೋದಾ, ಹಾಗೇ ಬಿಡೋದಾ?

1/5
ಹೊಂಗೆ ಮರದ ಕೆಳಗೆ ನಿಂತಿರೋ ಈ ಗಾಡಿ ನೋಡಿ ಅರ್ಧ ಜನ "ಮಿನಿ ಲಾರಿನಾ?" ಅಂತೀರಿ. ಅಲ್ಲ ಕಣ್ರೋ, ಇದು ಜೀಪು. ಮಹೀಂದ್ರಾ ಎಫ್‌ಸಿ-150. ಅಮೆರಿಕದ ವಿಲ್ಲಿಸ್ ಜೀಪಿನ ಈ ಪಿಕಪ್ ಮಾದರಿಯನ್ನ ಮಹೀಂದ್ರಾದವರು 1965ರಿಂದ ನಮ್ಮ ದೇಶದಲ್ಲೇ ತಯಾರಿಸಿದರು. ಮುಂದೆ ಮೂತಿ ಇಲ್ಲ. ಇಂಜಿನ್ ಕ್ಯಾಬಿನ್ ಒಳಗೇ, ಡ್ರೈವರ್ ಮಗ್ಗುಲಲ್ಲೇ.

ಶೀಳನೆರೆ ಸುತ್ತಮುತ್ತ ತಾತ ಇದರಲ್ಲಿ ಹೊರದೇ ಇದ್ದ ಸಾಮಾನಿಲ್ಲ: ಆಲೆಮನೆ ಬೆಲ್ಲ, ಗೊಬ್ಬರದ ಮೂಟೆ, ಮದುವೆ ಪಾತ್ರೆ. ತಾತ ಹೋದ ಮೇಲೆ ಗಾಡಿ ಕದಲಿಲ್ಲ. ಈಗ ಅಲ್ಲಿ ಕೊಟ್ಟಿಗೆ ಕಟ್ಟಬೇಕು.

ಚಿಕ್ಕಪ್ಪ: "ಗುಜರಿಯವನು ಕೇಜಿ ಲೆಕ್ಕದಲ್ಲಿ ತಕ್ಕೊತಾನೆ, ಕೊಟ್ಟು ಕೈ ತೊಳ್ಕೊಳವ."
ಅಪ್ಪ: "ನಮ್ಮಪ್ಪನ ಗಾಡಿ ಅದು. ಒಂದು ನಟ್ಟೂ ಮುಟ್ಟಬ್ಯಾಡಿ."
ಇನ್ನೊಬ್ಬರು ನಾಗಮಂಗಲ ಕಡೆಯವರು. ಇದೇ ಮಾದರಿ ಗಾಡೀನ ರಿಪೇರಿ ಮಾಡಿಸ್ತಿದ್ದಾರೆ. ಬಾಗಿಲು, ಮುಂದಿನ ಗ್ಲಾಸಿನ ಫ್ರೇಮು ಕೊಡ್ತೀರಾ ಅಂತ ಕೇಳ್ತಿದ್ದಾರೆ.

ನನ್ನ ಓಟು ಮೂರನೆಯವರಿಗೆ. ಯಾಕೆ ಅಂತ ಹೇಳ್ತೀನಿ.

2/5
ಮೊದಲು "ವಿಂಟೇಜ್ ಮಾಡಿಸ್ಬಿಡಿ, ಲಕ್ಷಗಟ್ಟಲೆ ಬರುತ್ತೆ" ಅನ್ನೋರಿಗೆ ಉತ್ತರ. 2021ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು. ಅಷ್ಟೇ ಸಾಲದು. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಣಿ ಮಾಡಿಸೋಕೆ ಶುಲ್ಕ 20,000 ರೂಪಾಯಿ. ಆಮೇಲೂ ಬಾಡಿಗೆಗೆ ಓಡಿಸೋ ಹಾಗಿಲ್ಲ.

ನಮ್ಮ ಗಾಡಿ ವಯಸ್ಸಲ್ಲಿ ಪಾಸು, ಇಂಜಿನ್‌ನಲ್ಲಿ ಫೇಲು. ಪೆಟ್ರೋಲ್ ರೇಟು ತಡೆಯೋಕಾಗದೆ ತಾತ ಯಾವತ್ತೋ ಡೀಸೆಲ್ ಇಂಜಿನ್ ಕೂರಿಸಿದ್ರು. ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಮ್ಯೂಸಿಯಂನಲ್ಲಿ ಹಳೇ ಕಾರುಗಳು ಥಳಥಳ ಅಂತ ನಿಂತಿರೋದು ನೋಡಿ ನನಗೂ ಆಸೆ ಆಗಿತ್ತು. ಆದ್ರೆ ಆ ಕಾರುಗಳಿಗೆ ಸೂರಿದೆ, ನೋಡ್ಕೊಳ್ಳೋ ಕೈಗಳಿವೆ. ನಮ್ಮದಕ್ಕೆ ಇರೋದು ಹೊಂಗೆ ಮರ, ಅದರಡಿ ಮೊಟ್ಟೆ ಇಡೋ ಕೋಳಿ.

3/5
ನಿಮ್ಮ ಮನೇಲೂ ಇಂಥ ಗಾಡಿ ಇದ್ರೆ ಮೊದಲು ನೋಡಬೇಕಾದ್ದು ಇಂಜಿನ್ ಅಲ್ಲ, ಚಾಸಿ. ಸಣ್ಣ ಸುತ್ತಿಗೆ ತಗೊಂಡು ಉದ್ದಕ್ಕೂ ತಟ್ಟುತ್ತಾ ಬನ್ನಿ. ಠಣ್ ಅಂದ್ರೆ ಕಬ್ಬಿಣ ಗಟ್ಟಿ. ದಬ್ ಅಂದ ಕಡೆ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ. ಒಳಗೆ ಇಳಿದ್ರೆ ತುಕ್ಕು ತಿಂದು ಮುಗಿಸಿದೆ ಅಂತಲೇ ಅರ್ಥ. ಸ್ಪ್ರಿಂಗ್ ಪಟ್ಟಿ ಕೂರೋ ಜಾಗವನ್ನ ಮಾತ್ರ ಬಿಡಬೇಡಿ. ಮಣ್ಣು, ನೀರು ಕೂತ್ಕೊಳ್ಳೋದು ಅಲ್ಲೇ.

ಜಾಮ್ ಆದ ಇಂಜಿನ್ನನ್ನ ಬಿಡಿಸಬಹುದು. ಬ್ರೇಕ್ ಹೊಸದು ಹಾಕಿಸಬಹುದು. ಚಾಸಿ ಹೋದ್ರೆ ಮಾತ್ರ ಆ ಗಾಡಿ ರಸ್ತೆಗೆ ಬಂದ್ರೂ ಅಪಾಯ. ನಮ್ಮದರಲ್ಲಿ ಸ್ಕ್ರೂಡ್ರೈವರ್ ಎರಡು ಕಡೆ ಇಳೀತು. ಅಪ್ಪ ಪಕ್ಕದಲ್ಲೇ ನಿಂತಿದ್ರು, ಏನೂ ಮಾತಾಡ್ಲಿಲ್ಲ.

ಚಾಸಿ ಗಟ್ಟಿ ಇದ್ದು, ದುಡ್ಡು ಹಾಕೋಕೆ ಮನೆಯವರು ನಿಜವಾಗಲೂ ತಯಾರಿದ್ರೆ, ಒಂದು ಬೋಲ್ಟೂ ಬಿಚ್ಚಬೇಡಿ. ಇಡೀ ಗಾಡಿ ಉಳಿಸಿ. ಎರಡೂ ಇಲ್ಲ ಅಂದ್ರೆ ಮುಂದೆ ಓದಿ.

4/5
ಬಿಚ್ಚೋವಾಗ ಎಲ್ಲರೂ ಮಾಡೋ ತಪ್ಪು: ಇಂಜಿನ್ "ಬೆಲೆಬಾಳೋದು" ಅಂತ ಎತ್ತಿಟ್ಟು, ಕ್ಯಾಬಿನ್ನನ್ನ ತಗಡು ಅಂತ ಕೇಜಿಗೆ ಹಾಕಿಬಿಡೋದು. ಲೆಕ್ಕ ಉಲ್ಟಾ ಇದೆ. ಎಫ್‌ಸಿ-150ಗೆ ಕಂಪನಿಯಿಂದ ಬಂದಿದ್ದ 2.2 ಲೀಟರ್ 'ಹರಿಕೇನ್' ಪೆಟ್ರೋಲ್ ಇಂಜಿನ್ ಸಿಜೆ-3ಬಿ ಜೀಪಿಗೂ ಹಾಕಿದ್ದೇ. ಹುಡುಕಿದ್ರೆ ಅದರ ಸಾಮಾನು ಇನ್ನೊಂದು ಜೀಪಿನಲ್ಲಾದ್ರೂ ಸಿಗುತ್ತೆ. ಈ ಮೂತಿಯಿಲ್ಲದ ಕ್ಯಾಬಿನ್, ಅದರ ಬಾಗಿಲು, ಗ್ಲಾಸ್ ಫ್ರೇಮು ಮಾಮೂಲಿ ಜೀಪಿಗೆ ಕೂರಲ್ಲ, ಮಾಮೂಲಿ ಜೀಪಿಂದು ಇದಕ್ಕೂ ಆಗಲ್ಲ. ಬೇರೆಲ್ಲೂ ಸಿಗದ್ದನ್ನ ಮೊದಲು ಉಳಿಸಿ.

ಗ್ಯಾಸ್ ಕಟಿಂಗ್‌ನವರನ್ನ ಕೊನೇಗೆ ಕರೀರಿ. ಮೊದಲು ಫೋಟೋ ತೆಗೀರಿ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಡೀಸೆಲ್ ಬಿಡಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನ ಬೇರೆ ಬೇರೆ ಡಬ್ಬಕ್ಕೆ ಹಾಕಿ ಹೆಸರು ಬರೀರಿ.

ಕಾಗದ ಮರೀಬೇಡಿ. ಗಾಡಿ ಇನ್ನು ಓಡಲ್ಲ ಅಂತಾದ್ಮೇಲೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಆರ್‌ಸಿ, ನಂಬರ್ ಪ್ಲೇಟು ಗುಜರಿಯವರ ಕೈಗೆ ಕೊಡಲೇಬೇಡಿ. ನಾಳೆ ಅದೇ ನಂಬರಲ್ಲಿ ಇನ್ಯಾವುದೋ ಗಾಡಿ ಸಿಕ್ಕಿಬಿದ್ರೆ ಮನೆಗೆ ಬರೋದು ಪೊಲೀಸರು.

5/5
ಅಪ್ಪನ ಮಾತು ಸುಳ್ಳಲ್ಲ. ಬಿಚ್ಚಿದ್ರೆ ತಾತನ ಗಾಡಿ ಇರಲ್ಲ. ಆದ್ರೆ ಬಿಚ್ಚದಿದ್ರೂ ಇರಲ್ಲ ಅಲ್ವಾ? ಪ್ರತಿ ಮಳೆಗಾಲ ಒಂದಷ್ಟು ತಿಂತಾ ಇದೆ. ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ.

ನನ್ನನ್ನ ಒಪ್ಪಿಸಿದ್ದು ಆ ಡೀಸೆಲ್ ಇಂಜಿನ್. ಅದು ಎಲ್ಲಿಂದ ಬಂತು ಅಂತ ಅಜ್ಜೀನ ಕೇಳ್ದೆ. "ಯಾವ್ದೋ ಕೆಟ್ಟು ನಿಂತಿದ್ದ ಜೀಪಿಂದು ಕಣಪ್ಪ, ನಿಮ್ ತಾತ ಬಿಚ್ಕೊಂಡ್ ಬಂದ್ರು" ಅಂದ್ರು. ಅಂದ್ರೆ ಈ ಗಾಡಿ ಅಷ್ಟು ವರ್ಷ ಓಡಿದ್ದೇ ಇನ್ನೊಬ್ಬರು ಬಿಟ್ಟುಕೊಟ್ಟ ಸಾಮಾನಿಂದ. ಆ ಮನೆಯವರೂ "ಒಂದು ನಟ್ಟೂ ಮುಟ್ಟಬ್ಯಾಡಿ" ಅಂದಿದ್ರೆ ನಮ್ಮ ಬೆಲ್ಲ ಮಾರ್ಕೆಟ್ ಸೇರ್ತಿರಲಿಲ್ಲ.

ಇದನ್ನ ಅಪ್ಪನಿಗೆ ಹೇಳ್ದೆ. ರಾತ್ರಿ ಊಟದ ಹೊತ್ತಲ್ಲಿ ಅವರು ಕೇಳಿದ್ದು ಇಷ್ಟೇ: "ಸ್ಟೇರಿಂಗ್ ಅವರಿಗೆ ಬೇಕಂತಾ?" ಬೇಡ, ಅವರದ್ದು ಚೆನ್ನಾಗಿದೆ. "ಹಂಗಾದ್ರೆ ಅದು ಮನೇಲಿರ್ಲಿ." ಭಾನುವಾರ ಸ್ಪ್ಯಾನರ್ ಹಿಡಿಯೋದು ಅವರೇ ಅಂತೆ.

ನಿಮ್ಮ ಹಿತ್ತಲಲ್ಲಿ ಏನು ನಿಂತಿದೆ? ಈ ಮಳೆಗಾಲಕ್ಕೆ ಮುಂಚೆ ಒಂದು ಸುತ್ತಿಗೆ ತಗೊಂಡು ಹೋಗಿ ತಟ್ಟಿ ನೋಡಿ. ಠಣ್ ಅಂತಾ, ದಬ್ ಅಂತಾ? ಕೆಳಗೆ ಬರೀರಿ.

#ಶೀಳನೆರೆ #ಹಳೇಗಾಡಿ #ತಾತನಜೀಪು