ಪಿಕಪ್ ಪಾಲಿಸಿ: ಓದಿ ನೋಡಿ, ಆಮೇಲೆ ದುಡ್ಡು ಕಟ್ಟಿ

ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆಯಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಪಿಕಪ್ ಗಾಡಿಗಳಿಗೆ ಬಿಡುವೆಂಬುದಿಲ್ಲ. ಪಡದಿಂದ, ಅಂದರೆ ದ್ರಾಕ್ಷಿ ತೋಟದಿಂದ, ಒಣಗಿಸುವ ಶೆಡ್ಡಿಗೆ ದ್ರಾಕ್ಷಿ ಕ್ರೇಟು, ಶೆಡ್ಡಿನಿಂದ ವಿಜಯಪುರದ ಕೋಲ್ಡ್ ಸ್ಟೋರೇಜಿಗೆ ಒಣದ್ರಾಕ್ಷಿ ಬಾಕ್ಸು, ದರ ನೋಡಿಕೊಂಡು ಅಲ್ಲಿಂದ ತಾಸಗಾಂವ, ಸಾಂಗ್ಲಿ ಪೇಟೆಗೆ. ಸುಗ್ಗಿ ನೋಡಿಯೇ ಜನ ಗಾಡಿ ತಂದಿರುತ್ತಾರೆ, ಹಾಗಾಗಿ ಎಷ್ಟೋ ಗಾಡಿಗಳ ಇನ್ಶೂರನ್ಸ್ ಮುಗಿಯುವುದೂ ಇದೇ ದಿನಗಳಲ್ಲಿ. ಕೂತು ನೋಡಲು ಹೊತ್ತು ಯಾರಿಗಿದೆ? ಏಜೆಂಟರಿಗೆ ಫೋನ್ ಹಚ್ಚಿ, “ಎಲ್ಲಾದಕ್ಕಿಂತ ಕಡಿಮೀದು ಯಾವುದೈತಿ ಅದನ್ನ ಹಾಕಿಬಿಡ್ರಿ” ಅನ್ನುತ್ತಾರೆ. ಪಾಲಿಸಿ ಮೊಬೈಲಿಗೆ ಬಂದು ಬೀಳುತ್ತದೆ. ಪೊಲೀಸರು ತಡೆದರೆ ತೋರಿಸಲಿಕ್ಕೆ ಒಂದು ಕಾಗದ ಸಿಕ್ಕಿತು ಎಂದು ಅಲ್ಲಿಗೇ ಬಿಡುತ್ತಾರೆ. ಈ ರೂಢಿ ನಮ್ಮಂಥ ಒಂದೇ ಗಾಡಿಯ ಮನೆಗಳನ್ನು ಬೀದಿಗೆ ತರುತ್ತದೆ. ಖರ್ಚು ಕಡಿಮೆ ಮಾಡಲು ರಸ್ತೆಯ ಮೇಲೆ ಬೇಕಾದಷ್ಟು ದಾರಿಗಳಿವೆ, ಪಾಲಿಸಿಯಲ್ಲಿ ಇಲ್ಲ.

ನಮ್ಮದೂ ಒಂದು ಪಿಕಪ್ ಇದೆ. ಮನೆಯವರು ಓಡಿಸುತ್ತಾರೆ, ಲೆಕ್ಕದ ವಹಿ ನನ್ನ ಕೈಯಲ್ಲಿದೆ. ಡೀಸೆಲ್, ಬಾಡಿಗೆ, ಟೈರು, ಮಿಸ್ತ್ರಿಗೆ ಕೊಟ್ಟದ್ದು, ಫೈನಾನ್ಸಿನ ಕಂತು ಎಲ್ಲವೂ ಅದರಲ್ಲಿದೆ. ಪಾಲಿಸಿಯನ್ನು ಸಾಲು ಹಿಡಿದು ಓದುವವಳೂ ನಾನೇ. ತಿಳಿಯದ ಸಾಲಿಗೆ ಪೆನ್ಸಿಲ್ ಗೀಟು ಹಾಕಿ ಏಜೆಂಟರನ್ನು ಕೇಳುತ್ತೇನೆ, ಅವರು ಹೇಳುವತನಕ ದುಡ್ಡು ಕಟ್ಟುವುದಿಲ್ಲ.

ಮೊದಲಿಗೆ ಒಂದು ಮಾತು ಗೊತ್ತಿರಲಿ. ಪ್ರೀಮಿಯಮ್ಮಿನ ದೊಡ್ಡ ಪಾಲು ಚೌಕಾಶಿಗೆ ಸಿಗುವಂಥದ್ದೇ ಅಲ್ಲ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆಯನ್ನು, ಅಂದರೆ ಥರ್ಡ್ ಪಾರ್ಟಿಯನ್ನು, 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿದೆ. ಅದರ ದರ ಗೊತ್ತುಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ, ಬಾಡಿಗೆಗೆ ಓಡುವ, ಒಟ್ಟು ತೂಕ 7,500 ಕೆ.ಜಿ. ಮೀರದ ನಾಲ್ಕು ಗಾಲಿಯ ಸರಕು ಗಾಡಿಗೆ ವರ್ಷಕ್ಕೆ ₹16,049. ಯಾವ ಕಂಪನಿಗೆ ಹೋದರೂ ಅಷ್ಟೇ. ಇದರ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು. ₹1,926 ಇದ್ದ ತೆರಿಗೆ ₹802 ಆಯಿತು. ಆ ಇಳಿಕೆ ನಿಮ್ಮ ಬಿಲ್ಲಿನಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಿ. ಇಷ್ಟೆಲ್ಲ ಒಂದೇ ದರ ಇದ್ದಮೇಲೆ ಒಬ್ಬರು ಇನ್ನೊಬ್ಬರಿಗಿಂತ ಮೂರು ಸಾವಿರ ಕಡಿಮೆಗೆ ಪಾಲಿಸಿ ಕೊಡುತ್ತಾರೆಂದರೆ ನಮ್ಮ ಸ್ವಂತ ಗಾಡಿಯ ರಕ್ಷಣೆಯಲ್ಲಿ ಕತ್ತರಿ ಬಿದ್ದಿದೆಯೋ ಏನೋ ಎಂದು ಕೇಳಲೇಬೇಕು.

ಈ ದರಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ಒಟ್ಟು ತೂಕ ಎರಡು ಟನ್ನೂ ಮುಟ್ಟದ ಟಾಟಾ ಏಸ್ ಗಾಡಿಗೂ ಏಳು ಟನ್ ತೂಗುವ ಲಾರಿಗೂ ಒಂದೇ ₹16,049. ಮೂರು ಗಾಲಿಯ ಸರಕು ಆಟೊಗೆ ₹4,492. ನಡುವೆ ಮತ್ತೊಂದು ಮೆಟ್ಟಿಲೇ ಇಲ್ಲ. ಸಂತೆಯಿಂದ ಸಂತೆಗೆ ಕಾಯಿಪಲ್ಯ ಹಾಕಿಕೊಂಡು ಹೋಗುವ ಏಸ್‌ನವನ ದುಡಿಮೆಯೆಷ್ಟು, ಲಾರಿಯ ಬಾಡಿಗೆಯೆಷ್ಟು! ಇದೇ ಕಾಯ್ದೆಯ 66ನೇ ಕಲಂ ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ ಎನ್ನುತ್ತದೆ. ಸಣ್ಣ ಗಾಡಿ ಬೇರೆ ಎಂದು ಕಾನೂನೇ ಒಪ್ಪಿದಮೇಲೆ ವಿಮೆಯ ಪಟ್ಟಿಯಲ್ಲೂ 3,000 ಕೆ.ಜಿ. ಒಳಗಿನವರಿಗೆ ಬೇರೆ ದರ ಇರಬೇಕು. ನಮ್ಮ ಸಂಸದರು ಸಂಸತ್ತಿನಲ್ಲಿ ಎತ್ತಬೇಕಾದ ಪ್ರಶ್ನೆ ಇದು.

ಇನ್ನು ಸ್ವಂತ ಗಾಡಿಯ ರಕ್ಷಣೆ, ಏಜೆಂಟರು ‘ಓಡಿ’ ಅನ್ನುವುದು. ಆರಿಸುವ ಕೆಲಸವೆಲ್ಲ ಇರುವುದು ಇಲ್ಲೇ. ನಮ್ಮ ಪರಿಚಯದವರೊಬ್ಬರ ಪಿಕಪ್ ಕಬ್ಬಿನ ಹಂಗಾಮಿನಲ್ಲಿ ಬಬಲೇಶ್ವರ ರಸ್ತೆಯಲ್ಲಿ ರಾತ್ರಿ ಹೊತ್ತು ಟ್ರ್ಯಾಕ್ಟರಿನ ಟ್ರೇಲರಿಗೆ ಹಿಂದಿನಿಂದ ಗುದ್ದಿತು. ಟ್ರೇಲರಿಗೆ ರಿಫ್ಲೆಕ್ಟರ್ ಇರಲಿಲ್ಲ. ಜೀವಕ್ಕೇನೂ ಆಗಲಿಲ್ಲ. ಮುಂದಿನ ಬಂಪರ್, ಎರಡೂ ಹೆಡ್‌ಲೈಟ್, ಮಡ್‌ಗಾರ್ಡ್ ಹೋದವು, ಬಣ್ಣ ಕಿತ್ತಿತು. ಅವರದು ಫುಲ್ ಇನ್ಶೂರನ್ಸೇ. ಆದರೂ ಸರ್ವೇಯರ್ ಬಂದು ಒಂದೊಂದೇ ಸಾಮಾನಿನ ಮುಂದೆ ಸೊನ್ನೆ ಬರೆದರು. ವಾಣಿಜ್ಯ ಗಾಡಿಗಳ ಪಾಲಿಸಿಯಲ್ಲಿ ದೀಪ, ಟೈರು, ಟ್ಯೂಬು, ಮಡ್‌ಗಾರ್ಡ್, ಬಾನೆಟ್ಟಿನ ಪಕ್ಕದ ಭಾಗ, ಬಂಪರ್, ಬಣ್ಣ ಇಷ್ಟಕ್ಕೂ ಸಾಮಾನ್ಯವಾಗಿ ಪರಿಹಾರವಿಲ್ಲ. ಗಾಡಿ ಪೂರ್ತಿ ನಾಶವಾದರೆ ಮಾತ್ರ ಅವೂ ಲೆಕ್ಕಕ್ಕೆ ಬರುತ್ತವೆ. ಇವು ಬೇಕೆಂದರೆ ‘ಐಎಂಟಿ 23’ ಎಂಬ ಸೇರ್ಪಡೆ ತೆಗೆದುಕೊಳ್ಳಬೇಕು. ಅದಕ್ಕೆ ಓಡಿ ಪ್ರೀಮಿಯಮ್ಮಿನ ಶೇ 15 ಹೆಚ್ಚು. ಓಡಿ ₹8,000 ಇದ್ದರೆ ಇದು ₹1,200. ಪರಿಹಾರ ಅರ್ಧದಷ್ಟೇ ಬರುತ್ತದೆ, ನಿಜ. ಆದರೆ ನಮ್ಮ ರಸ್ತೆಗಳಲ್ಲಿ ಸಣ್ಣ ಅಪಘಾತ ಎಂದರೆ ಒಡೆಯುವುದು ಇವೇ. ಅವರು ಉಳಿಸಿದ್ದು ಆ ₹1,200. ಕಳಕೊಂಡದ್ದು ಸುಗ್ಗಿಯ ದುಡಿಮೆ.

ಐಡಿವಿ ಇಳಿಸಿ ಪ್ರೀಮಿಯಂ ಇಳಿಸುವುದು ಇನ್ನೊಂದು ಚಾಳಿ. ಐಡಿವಿ ಎಂದರೆ ಗಾಡಿ ಕಳುವಾದರೆ, ಪೂರ್ತಿ ಹಾಳಾದರೆ ಕೈಗೆ ಬರುವ ಗರಿಷ್ಠ ಮೊತ್ತ. ಗಾಡಿಯ ಮೇಲೆ ಸಾಲ ಇದ್ದರೆ ಆ ದುಡ್ಡು ಮೊದಲು ಹೋಗುವುದು ಫೈನಾನ್ಸಿನವರಿಗೆ. ನಾಲ್ಕು ಲಕ್ಷದ ಗಾಡಿಗೆ ಮೂರು ಲಕ್ಷ ಬರೆಸಿದವರು ಗಾಡಿ ಹೋದಮೇಲೂ ಕಂತು ಕಟ್ಟಬೇಕಾಗಬಹುದು. ಫೈನಾನ್ಸಿನವರು ಹೇಳಿದ ಕಂಪನಿಯಲ್ಲೇ ವಿಮೆ ಮಾಡಿಸಬೇಕೆಂಬ ಕಾನೂನೂ ಇಲ್ಲ. ಬೇರೆ ಮೂರು ಕಡೆ ದರ ಕೇಳಿ. ಕೇಳುವಾಗ ಐಡಿವಿ ಒಂದೇ ಇರಲಿ, ಸೇರ್ಪಡೆಗಳೂ ಒಂದೇ ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಕ್ಲೇಮು ಮಾಡದವರಿಗೆ ಓಡಿಯಲ್ಲಿ ಸಿಗುವ ರಿಯಾಯಿತಿ ಮೊದಲ ವರ್ಷ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ರವರೆಗೆ ಏರುತ್ತದೆ. ಹಾಗಾಗಿ ಎರಡು ಸಾವಿರದ ಕನ್ನಡಿಗೋಸ್ಕರ ಕ್ಲೇಮು ಮಾಡಿ ಅದನ್ನು ಕಳಕೊಳ್ಳಬಾರದು. ಪಾಲಿಸಿ ಮುಗಿದು 90 ದಿನ ದಾಟಿದರೂ ಅದು ಹೋಗುತ್ತದೆ. ಸೋಲಾಪುರ, ಸಾಂಗ್ಲಿ ಕಡೆಯಿಂದ ಹಳೆಯ ಗಾಡಿ ತರುವವರಿಗೆ ಒಂದು ಕಿವಿಮಾತು: ಗಾಡಿ ನಿಮಗೆ ವರ್ಗಾವಣೆಯಾದ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ಹಳೇ ಮಾಲೀಕರ ಹೆಸರಿನ ಪಾಲಿಸಿ ನಿಮ್ಮ ಗಾಡಿಯ ರಿಪೇರಿಗೆ ಬರುವುದಿಲ್ಲ.

ಮಳೆಗಾಲದ ಮಾತೂ ಇದೆ. ಡೋಣಿ ನದಿ ಉಕ್ಕಿದಾಗ ಸಾರವಾಡದ ಸುತ್ತ ನೀರು ರಸ್ತೆಗೆ ಬರುತ್ತದೆ. ಆ ನೀರಿನಲ್ಲಿ ಗಾಡಿ ನುಗ್ಗಿಸಿ, ಬಂದ್ ಬಿದ್ದಮೇಲೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ನಿಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ಅಪಘಾತವಲ್ಲ, ನಿಮ್ಮ ಕೈಯಾರೆ ಆದದ್ದು ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ. ಆ ದಾರಿಯಲ್ಲಿ ಬಬಲೇಶ್ವರ ಕಡೆಗೆ ದಿನಾ ಓಡಾಡುವವರು ಎಂಜಿನ್ ರಕ್ಷಣೆಯ ಸೇರ್ಪಡೆ ತಮ್ಮ ಗಾಡಿಗೆ ಸಿಗುತ್ತದೆಯೇ ಎಂದು ವಿಚಾರಿಸಿ. ನೀರಿನಲ್ಲಿ ನಿಂತ ಗಾಡಿಗೆ ಕೀಲಿ ತಿರುಗಿಸಬೇಡಿ, ಎಳೆಸಿಕೊಂಡು ಹೋಗಿ.

ನಮ್ಮ ಗಾಡಿಯ ಆರ್‌ಸಿ ನನ್ನ ಹೆಸರಿನಲ್ಲಿದೆ. ಸಾಲ ಸಿಗುವ ಅನುಕೂಲಕ್ಕೆಂದು ಈ ಭಾಗದಲ್ಲಿ ಬಹಳ ಮನೆಗಳಲ್ಲಿ ಹೀಗೇ ಇದೆ. ಪಾಲಿಸಿಯಲ್ಲಿ ‘ಮಾಲೀಕ-ಚಾಲಕ’ರಿಗೆ ₹15 ಲಕ್ಷದ ಅಪಘಾತ ವಿಮೆ ಎಂದು ಒಂದು ಸಾಲು ಬರುತ್ತದೆ. ಅದು ಲೈಸೆನ್ಸ್ ಇದ್ದು ತಾನೇ ಓಡಿಸುವ ಮಾಲೀಕರಿಗೆ. ನನಗೆ ಲೈಸೆನ್ಸ್ ಇಲ್ಲ, ಓಡಿಸುವವರು ಮಾಲೀಕರಲ್ಲ. ಅಂದರೆ ದಿನವೂ ಸ್ಟೇರಿಂಗ್ ಹಿಡಿಯುವ ಮನುಷ್ಯನಿಗೆ ಆ ಸಾಲಿನಿಂದ ಬಿಡಿಗಾಸೂ ಇಲ್ಲ. ನಾನು ಅವರ ಹೆಸರಿನಲ್ಲಿ ಬೇರೆಯಾಗಿ ಅಪಘಾತ ಪಾಲಿಸಿ ಮಾಡಿಸಿದ್ದೇನೆ. ಅದಲ್ಲದೆ ಬ್ಯಾಂಕಿನಲ್ಲಿ ವರ್ಷಕ್ಕೆ ₹20ಕ್ಕೆ ₹2 ಲಕ್ಷದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಇದೆ. ಅಕ್ಕಂದಿರೇ, ಗಾಡಿ ನಿಮ್ಮ ಹೆಸರಿನಲ್ಲಿದ್ದರೆ ಇವತ್ತೇ ಆ ಸಾಲು ತೆಗೆದು ನೋಡಿ.

ಎಲ್ಲಕ್ಕಿಂತ ದೊಡ್ಡ ಸಂಗತಿ ಗಾಡಿಯ ಹಿಂದೆ ಜನರನ್ನು ಹೇರುವುದು. ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಬಂತೆಂದರೆ, ಕಟಾವು ಬಂತೆಂದರೆ ಬೆಳಕು ಹರಿಯುವ ಮೊದಲೇ ಪಿಕಪ್ಪಿನ ಹಿಂದೆ ಹೆಣ್ಣಾಳುಗಳು ಬುತ್ತಿ ಗಂಟು ಹಿಡಿದು ನಿಂತಿರುತ್ತಾರೆ. ಕನಮಡಿ, ಬಿಜ್ಜರಗಿ, ಬಾಬಾನಗರ, ಹೊನವಾಡ ಯಾವ ದಾರಿಗೆ ಬೇಕಾದರೂ ಹೋಗಿ ನೋಡಿ. ಕೂಡಲು ಹಲಗೆಯಿಲ್ಲ, ಹಿಡಿಯಲು ಮೇಲಿನ ಪೈಪು ಒಂದೇ. ತಿರುವಿನಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ವಾಲುತ್ತಾರೆ. ಕೈಗೂಸು ಇದ್ದವರು ಅದನ್ನೂ ಎತ್ತಿಕೊಂಡು ಬಂದಿರುತ್ತಾರೆ. ಮದುವೆ, ಜಾತ್ರೆಗೂ ಇದೇ ಗಾಡಿ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಸರಕು ಗಾಡಿಯಲ್ಲಿ ತನ್ನ ಮಾಲಿನ ಜೊತೆ ಬರುವ ಮಾಲಿನ ಒಡೆಯನಿಗೋ ಅವನು ಕಳಿಸಿದ ಮನುಷ್ಯನಿಗೋ ವಿಮೆಯ ರಕ್ಷಣೆ ಇದೆ. ಒಣದ್ರಾಕ್ಷಿ ಬಾಕ್ಸಿನ ಜೊತೆ ಕ್ಯಾಬಿನ್ನಿನಲ್ಲಿ ಕೂತು ವಿಜಯಪುರಕ್ಕೆ ಬರುವ ರೈತನಿಗೆ ಇದೆ. ಗಾಡಿಯವರೇ ಇಟ್ಟುಕೊಂಡ ಹಮಾಲರಿಗೆ, ಕ್ಲೀನರಿಗೆ ತಲೆಗೆ ನೂರು ರೂಪಾಯಿಯೂ ಆಗದ ಹೆಚ್ಚುವರಿ ಪ್ರೀಮಿಯಂ ಕಟ್ಟಿ ರಕ್ಷಣೆ ಪಡೆಯಬಹುದು. ಬರೀ ಪ್ರಯಾಣಿಕರಾಗಿ ಹಿಂದೆ ನಿಂತವರಿಗೆ ಇಲ್ಲ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಇದನ್ನು ಹೇಳಿತು. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯ ಮೊದಲು ಕಂಪನಿಯಿಂದ ಪರಿಹಾರ ಕೊಡಿಸಿ, ಆಮೇಲೆ ಮಾಲೀಕರಿಂದ ವಸೂಲಿಗೆ ಬಿಡುತ್ತದೆ. ಎರಡೂ ಕಡೆ ಭಾರ ಬೀಳುವುದು ಗಾಡಿಯವನ ಮನೆ, ಹೊಲದ ಮೇಲೆ. ಅವನಿಗೂ ಏನೂ ಇಲ್ಲದಿದ್ದರೆ ಸತ್ತ ಹೆಣ್ಣುಮಗಳ ಮಕ್ಕಳಿಗೆ ಕೋರ್ಟಿನ ಆದೇಶದ ಕಾಗದ ಮಾತ್ರ ಉಳಿಯುತ್ತದೆ. ಯಾವ ಕಂಪನಿಯ ಎಷ್ಟೇ ದುಬಾರಿ ಪಾಲಿಸಿಯೂ ಈ ಹೊಂಡ ಮುಚ್ಚುವುದಿಲ್ಲ. ನಮ್ಮ ಗಾಡಿಯಲ್ಲಿ ಆಳು ಹತ್ತಿಸುವುದಿಲ್ಲ ಎಂದು ಹೇಳಿದ್ದೇವೆ. ಇದರಿಂದ ಕೆಲವು ಬಾಡಿಗೆ ಕೈಬಿಟ್ಟಿವೆ, ಬಿಡಲಿ.

ಲೈಸೆನ್ಸಿನ ವಿಷಯದಲ್ಲಿ ಮಾತ್ರ ನೆಮ್ಮದಿಯ ಸುದ್ದಿ ಇದೆ. 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಲು ಲಘು ವಾಹನದ ಸಾದಾ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಸುಗ್ಗಿಗೆಂದು ಇಟ್ಟುಕೊಂಡ ಹುಡುಗನ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನಷ್ಟೇ ನೋಡಿ.

ಹಾಗಾದರೆ ಖರ್ಚು ಇಳಿಸುವುದೆಲ್ಲಿ? 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಅದು ನಮ್ಮ ಕೈಯಲ್ಲಿಲ್ಲ. ಖಾಲಿ ವಾಪಸ್ ಬರುವುದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ವಿಜಯಪುರದಿಂದ ತಿಕೋಟಾಕ್ಕೆ ಸುಮಾರು 20 ಕಿ.ಮೀ. ಹೋಗುವಾಗ ಬಾಕ್ಸು, ಬರುವಾಗ ಬರೀ ಗಾಳಿ ಹೊತ್ತು ಬಂದರೆ ಅರ್ಧ ಡೀಸೆಲ್ ಹಾಳು. ನಾನು ಎಪಿಎಂಸಿಯ ಹತ್ತಿರದ ಗೊಬ್ಬರದ ಅಂಗಡಿ, ಸಿಮೆಂಟಿನವರು, ಡ್ರಿಪ್ ಪೈಪಿನವರ ನಂಬರು ಇಟ್ಟುಕೊಂಡಿದ್ದೇನೆ. ಮನೆಯವರು ಕೋಲ್ಡ್ ಸ್ಟೋರೇಜಿನಲ್ಲಿ ಬಾಕ್ಸು ಇಳಿಸುವಷ್ಟರಲ್ಲಿ ಫೋನ್ ಮಾಡಿ, “ಅಣ್ಣಾರ, ತಿಕೋಟಾ ಕಡೆ ಏನರ ಮಾಲ್ ಐತೇನ್ರಿ?” ಎಂದು ಕೇಳುತ್ತೇನೆ. ವಾಪಸ್ ಬಾಡಿಗೆ ಅರ್ಧವೇ ಸಿಕ್ಕರೂ ನಮಗೆ ಅದೇ ಲಾಭ.

ಹೆಚ್ಚು ಮಾಲು ಹೇರುವುದು ದುಡಿಮೆ ಎಂದು ತಿಳಿದವರಿದ್ದಾರೆ. ಹದಿನೈದು ಕಿಲೋದ ನೂರು ಬಾಕ್ಸು ಎಂದರೇನೇ ಒಂದೂವರೆ ಟನ್ ಆಯಿತು. ಅದರ ಮೇಲೆ ಮತ್ತೆ ಐವತ್ತು ಹೇರಿದರೆ ಪಾಟಾ ಮುರಿಯುತ್ತದೆ, ಟೈರಿನ ಅಂಚು ಕಿತ್ತು ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ ಇದಕ್ಕೆ ₹20,000 ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ ₹2,000. ಅಪಘಾತವಾದರೆ ಕ್ಲೇಮಿಗೂ ಕುತ್ತು. ಹವಾ ವಾರಕ್ಕೊಮ್ಮೆ, ಟೈರು ತಣ್ಣಗಿದ್ದಾಗ ನೋಡಿಸಬೇಕು. ಬೇಸಿಗೆಯಲ್ಲಿ ಪಡದ ದಾರಿಯ ಧೂಳು ಏರ್ ಫಿಲ್ಟರಿಗೆ ಮೆತ್ತಿಕೊಂಡು ಎಂಜಿನ್ನಿಗೆ ಉಸಿರು ಕಟ್ಟಿ ಡೀಸೆಲ್ ಜಾಸ್ತಿ ಕುಡಿಯುತ್ತದೆ. ಸುಗ್ಗಿಯಲ್ಲಿ ಅದನ್ನು ಬಿಚ್ಚಿ ಕೊಡವುವುದು ನಮ್ಮ ಮನೆಯಲ್ಲಿ ಭಾನುವಾರದ ಕೆಲಸ.

ಈಗ ಕೇಳುವುದು ದ್ರಾಕ್ಷಿ ಬೆಳೆಗಾರ ಅಣ್ಣಂದಿರನ್ನು. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಒಣದ್ರಾಕ್ಷಿ ಆಗುವತನಕ ನಿಮ್ಮ ಬೆಳೆಗೆ ಕೈ ಹಚ್ಚುವವರು ಈ ಹೆಣ್ಣುಮಕ್ಕಳು. ಬರುವ ಚಾಟ್ನಿಗೆ ಆಳು ಕರೆಸುವಾಗ ಪಿಕಪ್ಪಿನವರಿಗೆ ಹೇಳಬೇಡಿ. ಸೀಟು ಇರುವ, ಪ್ರಯಾಣಿಕರ ವಿಮೆ ಇರುವ ಕ್ರೂಸರ್ ಬಾಡಿಗೆಗೆ ಹಿಡಿಯಿರಿ, ಪಕ್ಕದ ಪಡದವರೊಂದಿಗೆ ಖರ್ಚು ಹಂಚಿಕೊಳ್ಳಿ. ಆ ಬಾಡಿಗೆಯನ್ನು ಔಷಧ, ಗೊಬ್ಬರದ ಖರ್ಚಿನ ಸಾಲಿನಲ್ಲೇ ಬರೆಯಿರಿ.