‘ನಿಯಂತ್ರಣ ತಪ್ಪಿ’ ಎಂದು ಇನ್ನೆಷ್ಟು ಸಲ ಬರೆಯೋಣ? ಹಳೇ ಬೈಕ್ ಹುಚ್ಚಿನ ಬಗ್ಗೆ ಒಂದು ಜಗಳ

ತಾಲ್ಲೂಕಿನಿಂದ ಸುದ್ದಿ ಕಳಿಸುವ ನಾವು ಅತಿ ಹೆಚ್ಚು ಸಲ ಬರೆದಿರುವ ಎರಡು ಪದ ಯಾವುದು ಗೊತ್ತಾ? ‘ನಿಯಂತ್ರಣ ತಪ್ಪಿ’.

‘ನಿಯಂತ್ರಣ ತಪ್ಪಿ ಬೈಕ್ ಸವಾರ ಸಾವು.’ ‘ನಿಯಂತ್ರಣ ತಪ್ಪಿ ಮರಕ್ಕೆ ಡಿಕ್ಕಿ.’ ಠಾಣೆಯಿಂದ ಹೆಸರು, ವಯಸ್ಸು, ಊರು ಕೇಳಿಕೊಳ್ಳುತ್ತೇವೆ. ಪ್ರಕರಣ ದಾಖಲಾಗಿದೆ ಎಂದು ಮುಗಿಸುತ್ತೇವೆ. ನಾಲ್ಕು ಸಾಲು, ಒಂದು ಪಾಸ್‌ಪೋರ್ಟ್ ಫೋಟೊ. ಮಾರನೇ ದಿನ ಬೇರೆ ಊರು, ಬೇರೆ ಫೋಟೊ, ಅದೇ ಎರಡು ಪದ.

ತಪ್ಪಿದ್ದು ಯಾವ ನಿಯಂತ್ರಣ? ತಪ್ಪಿಹೋಗುವುದಕ್ಕೆ ಮೊದಲು ಅದು ಇತ್ತಾ? ಈ ಪ್ರಶ್ನೆಯನ್ನು ನಾವೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಇವತ್ತು ಕೇಳೋಣ. ಯಾಕೆಂದರೆ ನಮ್ಮ ಕಡೆ ಹುಡುಗರಿಗೆ ಈಗ ಹಳೇ ಬೈಕಿನ ಹುಚ್ಚು ಹಿಡಿದಿದೆ. ಆರ್‌ಎಕ್ಸ್ 100, ಯೆಜ್ಡಿ, ಹಳೇ ಬುಲೆಟ್. ಲಕ್ಷ ದಾಟಿಸಿ ಕೊಡುವವರೂ ಇದ್ದಾರೆ. ಬೈಕಿಗೆ ಇಷ್ಟು ದುಡ್ಡು ಸುರಿಯುವವರು ಓಡಿಸುವುದನ್ನು ಕಲಿಯಲು ಒಂದು ಭಾನುವಾರ ಕೊಡುವುದಿಲ್ಲ. ನಮ್ಮ ಜಗಳ ಇರುವುದು ಇಷ್ಟಕ್ಕೇ.

ಆಸ್ಪತ್ರೆ ಮಂಚದ ಮೇಲಿನ ಮಾತು

ಹೋದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ನಡೆದದ್ದು. ಹುಡುಗನಿಗೆ ಇಪ್ಪತ್ತೆರಡು. ಅಪ್ಪನ ಕಬ್ಬಿನ ಬಿಲ್ಲಿನಲ್ಲಿ ಪಾಲು ಕೇಳಿ ಆರ್‌ಎಕ್ಸ್ 100 ತಂದಿದ್ದ. ಮೂರನೇ ವಾರ, ಸಂಜೆ ಮಬ್ಬಿನಲ್ಲಿ, ಹಿಂದೆ ಕೆಂಪು ರಿಫ್ಲೆಕ್ಟರ್ ಕೂಡ ಇಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್‌ ಟ್ರೇಲರ್‌ಗೆ ಹೋಗಿ ಬಡಿದ. ಜೀವ ಉಳಿಯಿತು. ಕಾಲಿಗೆ ರಾಡ್ ಹಾಕಿದ್ದಾರೆ.

ಟ್ರ್ಯಾಕ್ಟರ್ ಮಾಲೀಕನ ತಪ್ಪು ದೊಡ್ಡದು, ಅದನ್ನು ಬರೆದೆವು. ಆದರೆ ಆಸ್ಪತ್ರೆಯಲ್ಲಿ ಹುಡುಗ ಹೇಳಿದ್ದನ್ನು ಅವತ್ತು ಬರೆಯಲಿಲ್ಲ.

“ಬ್ರೇಕ್ ಹೊಡ್ದೆ ಅಣ್ಣ. ಗಾಡಿ ಜಾರ್ಕೊಂಡೇ ಹೋಯ್ತು, ನಿಲ್ಲಲೇ ಇಲ್ಲ.”

“ಯಾವ ಬ್ರೇಕು?”

“ಹಿಂದಿಂದು. ಮುಂದಿಂದು ಹಿಡಿದ್ರೆ ಪಲ್ಟಿ ಹೊಡೀತದಲ್ವಾ?”

ಐದು ವರ್ಷದಿಂದ ಬೈಕ್ ಓಡಿಸುತ್ತಿರುವ ಹುಡುಗ ಇವನು. ಮುಂದಿನ ಬ್ರೇಕ್ ಮುಟ್ಟಬಾರದು ಎಂದು ಯಾರೋ ಚಿಕ್ಕಂದಿನಲ್ಲಿ ಹೇಳಿದ್ದಾರೆ, ಅದನ್ನೇ ನಂಬಿಕೊಂಡು ಬಂದಿದ್ದಾನೆ. ನಿಜ ತಿರುಗುಮುರುಗ ಇದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಹಿಂದಿನ ಚಕ್ರ ಹಗುರಾಗಿ ನಿಂತುಬಿಡುತ್ತದೆ, ಜಾರುತ್ತದೆ. ಒಣ ಡಾಂಬರಿನ ಮೇಲೆ ಗಾಡಿಯನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ಅದನ್ನು ಒಮ್ಮೆಲೇ ಕಿತ್ತು ಹಿಡಿಯಬಾರದು, ಹಾಲು ಕರೆಯುವಾಗ ಕೆಚ್ಚಲು ಹಿಂಡುವ ಹಾಗೆ ಒತ್ತುತ್ತಾ ಬಿಗಿ ಮಾಡಬೇಕು. ಜಲ್ಲಿ, ಮರಳು, ರಸ್ತೆ ಮೇಲೆ ಹರಡಿದ ಹುರುಳಿ ಇದ್ದರೆ ಇನ್ನೂ ಮೆತ್ತಗೆ. ಇದು ಕೈಗೆ ಬರಬೇಕಾದ ಕೆಲಸ, ಕೇಳಿ ತಿಳಿಯುವುದಲ್ಲ.

ಹಳೇ ಬೈಕ್ ಯಾಕೆ ಬೇರೆ?

2019ರ ಏಪ್ರಿಲ್‌ನಿಂದ ಮಾರುವ ಹೊಸ ಬೈಕುಗಳಲ್ಲಿ 125 ಸಿಸಿ ಮೀರಿದವಕ್ಕೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಎರಡೂ ಬ್ರೇಕ್ ಒಟ್ಟಿಗೆ ಕೆಲಸ ಮಾಡುವ ಸಿಬಿಎಸ್ ಇರಬೇಕು. ನೀವು ಗಾಬರಿಯಲ್ಲಿ ತಪ್ಪು ಮಾಡಿದರೂ ಗಾಡಿ ಸ್ವಲ್ಪ ಸರಿಮಾಡಿಕೊಳ್ಳುತ್ತದೆ. ಹಳೇ ಬೈಕು ಏನನ್ನೂ ಸರಿಮಾಡುವುದಿಲ್ಲ. ನಿಮ್ಮ ಕೈಕಾಲು ಏನು ಮಾಡುತ್ತದೋ ಅದನ್ನೇ ಮಾಡುತ್ತದೆ. ಒಂದೊಂದು ಗಾಡಿಯೂ ಒಂದೊಂದು ಕಲಿಕೆ ಕೇಳುತ್ತದೆ.

ಹಳೇ ಬುಲೆಟ್ ತಗೊಳ್ಳಿ. ನಾಲ್ಕು ಗೇರಿನ ಆ ಬುಲೆಟ್ಟಿಗೆ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಮೊದಲ ಗೇರ್ ಮೇಲಕ್ಕೆ, ಉಳಿದವು ಕೆಳಕ್ಕೆ. ನೀವು ಇಷ್ಟು ವರ್ಷ ಓಡಿಸಿದ ಗಾಡಿಯಲ್ಲಿ ಬ್ರೇಕ್ ಬಲಗಾಲಿಗಿತ್ತು. ಎಮ್ಮೆ ಅಡ್ಡ ಬಂದರೆ ಬಲಗಾಲು ತಾನಾಗಿ ಒತ್ತುತ್ತದೆ. ಅಲ್ಲಿರುವುದು ಗೇರು! 160 ಕೆಜಿ ಮೀರಿದ ಗಾಡಿ ಎಮ್ಮೆ ಕಡೆಗೇ ಹೋಗುತ್ತಿರುತ್ತದೆ. ಕಿಕ್ ಹೊಡೆಯುವುದಕ್ಕೂ ವಿದ್ಯೆ ಬೇಕು. ಆಂಪಿಯರ್ ಮುಳ್ಳು ನಡುವಿಗೆ ಬರುವ ತನಕ ಮೆತ್ತಗೆ ತುಳಿದು, ಡಿಕಂಪ್ರೆಸರ್ ಹಿಡಿದು ಒಂಚೂರು ಇಳಿಸಿ, ಬಿಟ್ಟು, ಆಮೇಲೆ ಪೂರಾ ತುಳಿಯಬೇಕು. ಗೊತ್ತಿಲ್ಲದೆ ತುಳಿದರೆ ಕಿಕ್ಕರ್ ವಾಪಸ್ ಹೊಡೆದು ಕಣಕಾಲು ಹೋಗುತ್ತದೆ.

ಯೆಜ್ಡಿ ನಮ್ಮದೇ ಗಾಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಾಗಿ 1996ರಲ್ಲಿ ನಿಂತಿತು. ಅದರಲ್ಲಿ ಗೇರ್ ಲಿವರೇ ಎತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಪೆಟ್ರೋಲಿಗೆ ಆಯಿಲ್ ಅಳತೆಯಾಗಿ ಬೆರೆಸಬೇಕು. ಇಂಜಿನಿಗೆ ಆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರಾ ಬಿಟ್ಟು ಇಳಿದರೆ ಪೆಟ್ರೋಲೂ ಕಡಿಮೆ, ಆಯಿಲೂ ಕಡಿಮೆ. ಪಿಸ್ಟನ್ ಹಿಡಿದುಕೊಂಡರೆ ಹಿಂದಿನ ಚಕ್ರ ಲಾಕ್. ಆ ಕ್ಷಣದಲ್ಲಿ ಕ್ಲಚ್ ಒತ್ತಬೇಕು ಎಂದು ಗೊತ್ತಿದ್ದವನು ನಿಲ್ಲುತ್ತಾನೆ, ಗೊತ್ತಿಲ್ಲದವನು ಬೀಳುತ್ತಾನೆ. ಬಿಳಿಗಿರಿರಂಗನ ಬೆಟ್ಟಕ್ಕೋ ಚಾಮುಂಡಿ ಬೆಟ್ಟಕ್ಕೋ ಹೋಗುವ ಮುಂಚೆ ಇದು ತಿಳಿದಿರಲಿ.

ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ನೂರು ಕೆಜಿ ಚಿಲ್ಲರೆ ತೂಕ, 11 ಹಾರ್ಸ್‌ಪವರ್. ಕಾಗದದ ಮೇಲೆ ಕಡಿಮೆ ಅನಿಸುತ್ತದೆ. ಆದರೆ ಅದು ಟೂ ಸ್ಟ್ರೋಕ್. ಸುಮ್ಮನಿದ್ದ ಗಾಡಿ ಒಂದು ಹಂತ ದಾಟಿದ ಮೇಲೆ ಒಮ್ಮೆಲೇ ಎಳೆಯುತ್ತದೆ. ಆ ಎಳೆತಕ್ಕೇ ಜನ ಮರುಳಾಗುವುದು. ನಿಲ್ಲಿಸಲು ಇರುವುದು ಎರಡು ಡ್ರಮ್ ಬ್ರೇಕ್. ನೀರು ಹೊಕ್ಕರೆ ಡ್ರಮ್ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ. ಹಳ್ಳ ದಾಟಿದ ಮೇಲೆ ಮೆತ್ತಗೆ ಬ್ರೇಕ್ ಒತ್ತಿಕೊಂಡೇ ಒಂದಷ್ಟು ದೂರ ಹೋಗಿ ಒಣಗಿಸಬೇಕು. ಇನ್ನು ಮೂವತ್ತು ಹಾರ್ಸ್‌ಪವರ್ ಬಿಡುವ ಹಳೇ ರಾಜದೂತ್ 350 ಮೊದಲ ಹಳೇ ಬೈಕಾಗಿ ಬೇಕು ಎನ್ನುವವರಿಗೆ ನಮ್ಮ ಉತ್ತರ ಒಂದೇ: ಬೇಡ.

‘ನಮ್ಮಪ್ಪ ಓಡಿಸಿರಲಿಲ್ವಾ?’

ಈ ಮಾತು ಬಂದೇ ಬರುತ್ತದೆ. ಓಡಿಸಿದ್ದರು, ಸರಿ. ಅಪ್ಪನ ಕಾಲದಲ್ಲಿ ಊರಿಗೆ ಎರಡೋ ಮೂರೋ ಬೈಕು. ಕಲ್ಲುಮಣ್ಣಿನ ರಸ್ತೆ. ನಲವತ್ತು ದಾಟಿದರೆ ಹಲ್ಲು ಅಲ್ಲಾಡುತ್ತಿತ್ತು. ಈಗ ಅದೇ ಊರಿನ ಮುಂದೆ ಡಾಂಬರು ಕನ್ನಡಿಯ ಹಾಗಿದೆ, ಎದುರಿನಿಂದ ಟಿಪ್ಪರ್ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರ್ ಮೀರಿ ಹೋಗುತ್ತದೆ. ಎದುರಿಗೆ ಏನೋ ಇದೆ ಎಂದು ತಿಳಿದು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಆ ಒಂದು ಸೆಕೆಂಡು ಮುಗಿದಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಅಪ್ಪನ ಗಾಡಿ ನಿಮ್ಮ ಹತ್ತಿರ ಇದೆ, ಅಪ್ಪನ ರಸ್ತೆ ಇಲ್ಲ.

‘ಹತ್ತು ವರ್ಷದಿಂದ ಓಡಿಸ್ತಿದೀನಿ, ಇನ್ನೇನು ಕಲಿಯೋದು’ ಎನ್ನುವವರೂ ಇದ್ದಾರೆ. ಕಬ್ಬಿನ ಬಿಲ್ಲಿನ ಆ ಹುಡುಗನೂ ಹಾಗೇ ಅಂದುಕೊಂಡಿದ್ದ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕಿ ತೋರಿಸಿದ್ದೇವೆ, ಕಾಲು ಊರಲಿಲ್ಲ, ಪಾಸು. ತುರ್ತಾಗಿ ನಿಲ್ಲಿಸುವುದನ್ನು ಯಾರು ಕಲಿಸಿದರು? ತಿರುವಿನಲ್ಲಿ ಕಣ್ಣು ಎಲ್ಲಿಡಬೇಕು ಎಂದು ಯಾರು ಹೇಳಿದರು?

‘ರಸ್ತೆ ಸರಿ ಮಾಡಿಸಿ ಮೊದಲು’ ಎನ್ನುವವರ ಜೊತೆ ನಮಗೆ ಜಗಳವಿಲ್ಲ. ಗುಂಡಿ, ಗುರುತಿಲ್ಲದ ಹಂಪ್, ರಸ್ತೆ ಮೇಲಿನ ಒಕ್ಕಣೆ, ಲೈಟಿಲ್ಲದ ಟ್ರ್ಯಾಕ್ಟರ್: ಎಲ್ಲದರ ಬಗ್ಗೆ ಬರೆದಿದ್ದೇವೆ, ಬರೆಯುತ್ತೇವೆ. ಆದರೆ ರಸ್ತೆ ಸರಿಯಾಗುವ ತನಕ ಓಡಾಡಬೇಕಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಶೇ. 44.5ರಷ್ಟು ದ್ವಿಚಕ್ರದವರು. ಹೆಲ್ಮೆಟ್ ಹಾಕದೆ ಸತ್ತವರೇ 50,029. ಗಾಡಿಯ ಸೈಲೆನ್ಸರಿಗೆ ಎಂಟು ಸಾವಿರ ಕೊಟ್ಟು ತಲೆಗೆ ಮುನ್ನೂರು ರೂಪಾಯಿಯ ಟೋಪಿ ಹಾಕುವವರಿಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ?

ಹಳೇ ಬೈಕ್ ತಗೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲೇ ಒಬ್ಬರ ಮನೆಯಲ್ಲಿ ಯೆಜ್ಡಿ ಇದೆ, ಅದರ ಸದ್ದು ಕೇಳಿದರೆ ನಮಗೂ ಖುಷಿ. ನಾವು ಹೇಳುವುದು: ಮೊದಲು ನಿಮ್ಮನ್ನು ಅಳೆಯಿರಿ, ಆಮೇಲೆ ಗಾಡಿಯನ್ನು.

ಈಗಿರುವ ಗಾಡಿಯಲ್ಲೇ ಬೆಳಿಗ್ಗೆ ಖಾಲಿ ಮೈದಾನದಲ್ಲಿ ನೋಡಿಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು ಇಪ್ಪತ್ತರಿಂದ ಶುರು ಮಾಡಿ, ರೂಢಿಯಾದಂತೆ ನಲವತ್ತರವರೆಗೆ ಹೋಗಿ. ಎರಡೂ ಬ್ರೇಕ್ ಸೇರಿಸಿ ನೇರವಾಗಿ, ಚಕ್ರ ಜಾರದೆ ನಿಲ್ಲಿಸಲು ಬರುತ್ತದಾ? ನಡೆಯುವ ವೇಗದಲ್ಲಿ ಕಾಲು ಊರದೆ ಇಪ್ಪತ್ತು ಅಡಿ ಹೋಗಲು ಬರುತ್ತದಾ? ಕಣ್ಣು ಕೆಳಗೆ ಹಾಕದೆ ಗೇರ್ ಇಳಿಸಲು ಬರುತ್ತದಾ? ಬಾರದಿದ್ದರೆ ಆರ್‌ಎಕ್ಸ್ ಆರು ತಿಂಗಳು ಕಾಯಲಿ, ಎಲ್ಲಿಗೂ ಓಡಿಹೋಗುವುದಿಲ್ಲ.

ಬಂದರೆ, ನಿಮಗೆ ಹೊಂದುವುದನ್ನು ಆರಿಸಿ. ಎರಡೂ ಕಾಲು ನೆಲಕ್ಕೆ ಸರಿಯಾಗಿ ಸಿಗಬೇಕು. ಬಿದ್ದರೆ ನೀವೊಬ್ಬರೇ ಎತ್ತುವಂತಿರಬೇಕು. ನಿಮ್ಮೂರಿನಿಂದ ಹತ್ತಿರದಲ್ಲಿ ಆ ಗಾಡಿ ಬಲ್ಲ ಮೆಕ್ಯಾನಿಕ್ ಇರಬೇಕು. ಬುಲೆಟ್ ಆಸೆ ಇದ್ದರೆ ಬಲಗಡೆ ಗೇರಿಗೆ ಕಾಲು ಒಗ್ಗುವ ತನಕ ಹೆದ್ದಾರಿಗೆ ಇಳಿಯಬೇಡಿ. ಒಂದು ದಿನ ಬುಲೆಟ್, ಮಾರನೇ ದಿನ ಮನೆಯ ಸ್ಪ್ಲೆಂಡರ್ ಎಂದು ಬದಲಾಯಿಸುತ್ತಾ ಇದ್ದರೆ ಕಾಲಿಗೆ ಎರಡೂ ಒಗ್ಗುವುದಿಲ್ಲ.

ನೋಡಲು ಹೋದಾಗ ಟ್ಯಾಂಕಿನ ಬಣ್ಣಕ್ಕೆ ಮರುಳಾಗಬೇಡಿ. ಮಂಡಿಯೂರಿ ಕುಳಿತು ಬ್ರೇಕ್ ಶೂ, ಕೇಬಲ್, ಸ್ಪೋಕ್ ನೋಡಿ. ಹಿಂದಿನ ಚಕ್ರ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದಿದ್ದರೆ 2014ರ 23ನೇ ವಾರದ ಟೈರು. ಗುಂಡಿ ಚೆನ್ನಾಗಿದ್ದರೂ ಅದು ಕಲ್ಲಾಗಿದೆ, ಬದಲಾಯಿಸಿ. ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಗೆ ತಾಳೆ ನೋಡಿ. ಹದಿನೈದು ವರ್ಷದ ಮೇಲೆ ಆರ್‌ಸಿ ನವೀಕರಣ ಆಗಿದೆಯಾ, ಇನ್ಶೂರೆನ್ಸ್ ಇದೆಯಾ ಕೇಳಿ.

ಒಂದು ಮಾತು, ‘ವಿಂಟೇಜ್’ ಎಂದು ಹೇಳಿ ಬೆಲೆ ಏರಿಸುವವರ ಬಗ್ಗೆ. 2021ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು. ಹಾಗೆ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. 1985ರ ಆರ್‌ಎಕ್ಸ್ ಆ ಲೆಕ್ಕಕ್ಕೆ ಬರುವುದು 2035ಕ್ಕೆ. ಅಲ್ಲಿಯ ತನಕ ಅದು ಹಳೇ ಬೈಕು, ಅಷ್ಟೇ.

ನಮ್ಮೂರ ಹತ್ತಿರ ನಲವತ್ತು ವರ್ಷದಿಂದ ಯೆಜ್ಡಿ ಬಿಚ್ಚಿ ಕೂಡಿಸುವ ಹಿರಿಯರೊಬ್ಬರಿದ್ದಾರೆ. ಯಾರಾದರೂ ಹುಡುಗ ಬೈಕ್ ರೆಡಿ ಮಾಡಿಸಲು ಬಂದರೆ ಮೊದಲು ಅವನಿಂದ ಓಡಿಸಿ ನೋಡುತ್ತಾರೆ. “ಗಾಡಿ ರಿಪೇರಿ ಆಮೇಲೆ ಕಣಪ್ಪ, ನೀನ್ ರೆಡಿ ಇದ್ದೀಯಾ ಅಂತ ನೋಡ್ಬೇಕು” ಅನ್ನುತ್ತಾರೆ. ಗಿರಾಕಿ ಕಳೆದುಕೊಂಡಿದ್ದಾರೆ, ಹೆಣ ನೋಡಿಲ್ಲ.

ನಮ್ಮ ತಪ್ಪೂ ಇದೆ

ಜಾತ್ರೆಯಲ್ಲಿ ಹುಡುಗರು ವೀಲಿ ಮಾಡಿದಾಗ ವಿಡಿಯೊ ಮಾಡಿ ಹಾಕಿದವರು ನಾವೇ. ಬೇರೆ ಸುದ್ದಿಗಿಂತ ಅದಕ್ಕೇ ಜನ ಜಾಸ್ತಿ ನೋಡಿದರು. ಇನ್ನು ಮುಂದೆ ಹೆಲ್ಮೆಟ್ ಇಲ್ಲದ ಒಂದೂ ಬೈಕ್ ವಿಡಿಯೊ ಇಲ್ಲಿ ಬರುವುದಿಲ್ಲ. ‘ನಿಯಂತ್ರಣ ತಪ್ಪಿ’ ಎಂದು ಬರೆದು ಕೈ ತೊಳೆದುಕೊಳ್ಳುವುದೂ ಇಲ್ಲ. ಹೆಲ್ಮೆಟ್ ಇತ್ತಾ, ಬ್ರೇಕ್ ಹೇಗಿತ್ತು, ಲೈಸೆನ್ಸ್ ಇತ್ತಾ, ರಸ್ತೆ ಹೇಗಿತ್ತು, ಕೇಳಿಯೇ ಬರೆಯುತ್ತೇವೆ.

ನಿಮ್ಮಿಂದ ಕೇಳುವುದು ಇಷ್ಟು. ಅಪ್ಪಂದಿರೇ, ಹದಿನೆಂಟು ತುಂಬದ ಮಗನ ಕೈಗೆ ಕೀ ಕೊಡಬೇಡಿ. ಕಾನೂನಿನಲ್ಲಿ ನಿಮಗೇ 25 ಸಾವಿರ ದಂಡ ಇದೆ, ಜೈಲೂ ಇದೆ. ಚೆನ್ನಾಗಿ ಓಡಿಸಲು ಬಲ್ಲ ಅಣ್ಣಂದಿರೇ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಶಾಲೆ ಮೈದಾನಕ್ಕೆ ಬನ್ನಿ, ನಾಲ್ಕು ಹುಡುಗರಿಗೆ ಮುಂದಿನ ಬ್ರೇಕ್ ಹಿಡಿಯುವುದನ್ನು ಕಲಿಸಿ. ತಮ್ಮಂದಿರೇ, ಬಂದು ಕಲಿಯಿರಿ. ನಾಚಿಕೆ ಏನಿಲ್ಲ.

ಆ ಹುಡುಗ ಈಗ ಊರುಗೋಲು ಹಿಡಿದು ನಡೆಯುತ್ತಾನೆ. ಆರ್‌ಎಕ್ಸ್ ಮನೆ ಹಿಂದೆ ಟಾರ್ಪಾಲಿನ ಕೆಳಗಿದೆ, ಕೊಳ್ಳಲು ಆಗಲೇ ಮೂವರು ಬಂದು ಕೇಳಿದ್ದಾರಂತೆ. ಮೂವರೂ ಇಂಜಿನ್ ಸದ್ದು ಕೇಳಿದರಂತೆ. ಬ್ರೇಕ್ ಹೇಗಿದೆ ಎಂದು ಒಬ್ಬನೂ ಕೇಳಲಿಲ್ಲವಂತೆ.