ಕಟ್ಟಡಕ್ಕೂ ಒಂದು ಅಂಕಪಟ್ಟಿ

ಪರೀಕ್ಷೆ ಮಕ್ಕಳಿಗೆ ಮಾತ್ರವಲ್ಲ, ಅವರು ಕೂತು ಕಲಿಯುವ ಕಟ್ಟಡಕ್ಕೂ ಉಂಟು. ಕೇಂದ್ರ ಸರ್ಕಾರ 2007ರಲ್ಲಿ ಅಂಗೀಕರಿಸಿದ ‘ಗೃಹ’ ಮಾನದಂಡದಲ್ಲಿ ಬಿಸಿಲು, ಗಾಳಿ, ನೀರು, ವಿದ್ಯುತ್ತು ಎಲ್ಲಕ್ಕೂ ಅಂಕಗಳಿವೆ. ಮೊತ್ತ ನೋಡಿ ಒಂದರಿಂದ ಐದು ನಕ್ಷತ್ರ. ಕಾನ್ಪುರ ಐಐಟಿಯ ಪರಿಸರ ವಿಜ್ಞಾನ ಕಟ್ಟಡ ಐದನ್ನೂ ಗಳಿಸಿತು.

ಆದರೆ ಅಂಕಗಳಲ್ಲಿ ಬಹುಪಾಲು ನಕ್ಷೆ, ಸಾಮಗ್ರಿಗಳಿಗೆ ಸೇರಿದವು. ಜನ ಒಳಹೊಕ್ಕ ಮೇಲಿನ ಕಥೆ ಹೇಳುವುದು ಮೀಟರು. ಲೆಕ್ಕ ಸುಲಭ: ವರ್ಷದಲ್ಲಿ ಖರ್ಚಾದ ಯೂನಿಟ್ಟುಗಳನ್ನು ಕಟ್ಟಡದ ಚದರ ಮೀಟರುಗಳಿಂದ ಭಾಗಿಸಿ. 2,000 ಚದರ ಮೀಟರಿನ ಕಟ್ಟಡ 80,000 ಯೂನಿಟ್ ನುಂಗಿದರೆ ಉತ್ತರ 40. ಮರುವರ್ಷ ಅದು 50 ಆದರೆ, ಗೋಡೆಯ ಮೇಲಿನ ಪ್ರಮಾಣಪತ್ರ ಏನೇ ಹೇಳಲಿ, ಕಾರಣ ಹುಡುಕಬೇಕು. (ಏಸಿ ಇರುವ ಕಟ್ಟಡವನ್ನು ಇಲ್ಲದ್ದರೊಡನೆ ಹೋಲಿಸಬೇಡಿ, ಅದು ಅನ್ಯಾಯ.)

ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಐಐಎಂ ಆವರಣವನ್ನು ರೂಪಿಸಿದಾಗ ಈ ನಕ್ಷತ್ರಗಳೇ ಇರಲಿಲ್ಲ. ಒರಟು ಕಲ್ಲಿನ ಗೋಡೆ, ಅಂಗಳ, ಗಾಳಿಯಾಡುವ ಪಡಸಾಲೆ, ಬಳ್ಳಿ ಹಬ್ಬಿದ ಚಪ್ಪರ: ಬೆಂಗಳೂರಿನ ಹವೆಗೆ ಇದಕ್ಕಿಂತ ಒಪ್ಪುವುದು ಯಾವುದು?

ಪೋಷಕರೇ, ಮಕ್ಕಳಿಗೆ ಕಾಲೇಜು ಹುಡುಕಲು ಹೋದಾಗ ಪ್ರಯೋಗಾಲಯದ ಜೊತೆಗೆ ತರಗತಿಗೂ ಒಮ್ಮೆ ಇಣುಕಿ. ಹಗಲು ಹನ್ನೊಂದು ಗಂಟೆಗೆ, ಕಿಟಕಿಗೆ ಪರದೆ ಎಳೆದು, ಟ್ಯೂಬ್‌ಲೈಟ್ ಹಾಕಿಕೊಂಡು ಪಾಠ ನಡೆದಿದೆಯೇ?